ಕೆಲಸ ಖಾಲಿ ಇಲ್ಲ, ಟೀ ಕುಡಿಯೋಣ

ಒದ್ದೆ ಹಗ್ಗಕ್ಕೆ ಒಂದು ವಾಸನೆ ಇದೆ. ಹಳೆಯ ಗೋಣಿಚೀಲ, ಒಂದಿಷ್ಟು ಎಣ್ಣೆ, ಬೆವರಿದ ಅಂಗೈ, ಇವೆಲ್ಲ ಕಲೆತಂಥ ವಾಸನೆ. ನಾನು ಚಿಕ್ಕವಳಿದ್ದಾಗ ಸಂಜೆ ಅಪ್ಪನಿಗಿಂತ ಮೊದಲು ಅದು ಬಾಗಿಲಿಗೆ ಬರುತ್ತಿತ್ತು. ಮೆಟ್ಟಿಲಲ್ಲಿ ಹಿಡಿಸದ ಬೀರು, ಮಂಚ, ನಿಲುವುಗನ್ನಡಿಗಳನ್ನು ಹಗ್ಗ ರಾಟೆ ಕಟ್ಟಿ ಮೇಲಿನ ಮಹಡಿಯ ಕಿಟಕಿಗೆ ಏರಿಸುವುದು ಅಪ್ಪನ ಕೆಲಸ. ಹಗ್ಗವನ್ನು ಗೋಡೆಗೆ ನೇತುಹಾಕಿ ಅದೇ ಕೈಯಿಂದ ನನ್ನ ಕೆನ್ನೆ ಸವರುತ್ತಿದ್ದರು. ಆ ವಾಸನೆ ಬಂತೆಂದರೆ ಅಪ್ಪ ಕ್ಷೇಮವಾಗಿ ಬಂದರು ಎಂದರ್ಥ.

ಒಂದು ಸಂಜೆ ಹಗ್ಗ ಮಾತ್ರ ಬಂತು. ಅಪ್ಪ ಆಸ್ಪತ್ರೆಯಲ್ಲಿದ್ದರು.

ಜೊತೆಯವನಿಗೆ ಜ್ವರ ಬಂದಿತ್ತಂತೆ. ಅವತ್ತೇ ಕೆಲಸ ಮುಗಿಯಬೇಕಿತ್ತು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬನನ್ನು ಕರೆದು ಹಗ್ಗ ಹಿಡಿಸಿದ್ದರು. ಅವನೇನು ಕೆಟ್ಟವನಲ್ಲ. ಕೈ ಉರಿಯಿತು, ಬಿಟ್ಟ. ಬೀರು ಅಪ್ಪನ ಕಾಲಿನ ಮೇಲೆ ಬಂತು.

“ಬಾಯಾರಿದಾಗ ಬಾವಿ ತೋಡೋಕೆ ಹೋದೆ ಮಗಳೇ” ಎಂದರು ಅಪ್ಪ, ಬ್ಯಾಂಡೇಜು ಸುತ್ತಿದ ಕಾಲನ್ನು ನೋಡುತ್ತ. ಹಗ್ಗ ಬಿಟ್ಟವನ ಮೇಲೆ ಒಂದು ಮಾತೂ ಆಡಲಿಲ್ಲ.

ನಾನು ಕಾಲೇಜು ಓದಿ, ಆಫೀಸುಗಳಲ್ಲಿ ಕೂತೆದ್ದು, ಕೊನೆಗೆ ಬಂದು ನಿಂತದ್ದೂ ಹಗ್ಗದ ಪಕ್ಕದಲ್ಲೇ. ಎತ್ತರದ ಕಟ್ಟಡಗಳ ಗಾಜನ್ನು ಹೊರಗಿನಿಂದ, ಹಗ್ಗದಲ್ಲಿ ಇಳಿದು ತೊಳೆಯುವ ತಂಡವೊಂದಕ್ಕೆ ಮ್ಯಾನೇಜರ್ ಆದೆ. ತಂಡದವರು ಇಳಿಯುತ್ತಾರೆ, ನಾನು ತಾರಸಿಯ ಮೇಲೆ ನಿಂತು ಎಲ್ಲರ ಹಗ್ಗ ಕಾಯುತ್ತೇನೆ. ಈ ಕೆಲಸಕ್ಕೆ ಸೇರಿದಂದಿನಿಂದ ಭಯವಿಲ್ಲದೆ ಒಂದು ದಿನವೂ ಕಳೆದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಅದು ಶುರುವಾಗುತ್ತದೆ.

ಅದಕ್ಕೇ ನನಗೊಂದು ರೂಢಿ ಬೆಳೆಯಿತು. ಕೆಲಸ ಖಾಲಿ ಇರಲಿ, ಇಲ್ಲದಿರಲಿ, ಎತ್ತರದಲ್ಲಿ ಕೆಲಸ ಮಾಡುವವರು ಎಲ್ಲಿ ಕಂಡರೂ ಕರೆದು ಟೀ ಕುಡಿಸುವುದು, ಮಾತಾಡುವುದು. ಗೋಪುರದ ದೀಪ ರಿಪೇರಿಯವರು, ಬೋರ್ಡು ಬರೆಯುವವರು, ಸೇತುವೆಗೆ ಬಣ್ಣ ಹೊಡೆಯುವವರು. ಮೊದಲ ಮಾತಿಗೇ ಹೇಳಿಬಿಡುತ್ತಿದ್ದೆ: “ಈಗ ಕೆಲಸ ಖಾಲಿ ಇಲ್ಲ. ಒಬ್ಬರಿಗೊಬ್ಬರು ಗೊತ್ತಿರಲಿ ಅಂತ ಅಷ್ಟೆ.”

ತಂಡದವರಿಗೆ ಮೊದಮೊದಲು ಎದೆ ಧಸಕ್ಕೆನ್ನುತ್ತಿತ್ತು. ಗುಬ್ಬಿ ಎಂದು ನಾವೆಲ್ಲ ಕರೆಯುತ್ತಿದ್ದ, ಮೈ ಹಗುರದ ಹೆಣ್ಣುಮಗಳು ಒಂದು ದಿನ ಮೂಲೆಗೆ ಕರೆದು ಕೇಳಿದಳು. “ಅಕ್ಕ, ನಿಜ ಹೇಳಿ. ನಿನ್ನೆ ಬಂದಿದ್ರಲ್ಲ, ಅವರು ನನ್ನ ಜಾಗಕ್ಕಾ?”

ಅಂದಿನಿಂದ ಟೀಗೆ ಬಂದವರನ್ನು ತಂಡದ ಜೊತೆಗೇ ಕೂರಿಸತೊಡಗಿದೆ. ಎಲ್ಲರಿಗಿಂತ ಹಿರಿಯರಾದ ದೊಡ್ಡಣ್ಣ ಸಕ್ಕರೆ ಡಬ್ಬಿಯನ್ನು ಬೇಕೆಂದೇ ದೂರ ಇಟ್ಟು, ಬಂದವರು ಮೊದಲು ತಮಗೆ ಹಾಕಿಕೊಳ್ಳುತ್ತಾರೋ ಪಕ್ಕದವರಿಗೆ ದಾಟಿಸುತ್ತಾರೋ ನೋಡುತ್ತಿದ್ದರು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರು ಅಂದ್ರೆ ನಮ್ಮ ತಂಗಿ” ಎಂದು ನನ್ನನ್ನು ಆಡಿಕೊಳ್ಳುತ್ತಲೇ, ಹೋದವರ ಬಗ್ಗೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ನಮ್ಮ ತಂಡ ಆಮೇಲೆ ‘ಮರದವರು’ ಎಂದೇ ಕರೆದ ಆ ಮನುಷ್ಯನನ್ನು ನಾನು ಮೊದಲು ನೋಡಿದ್ದು ಒಂದು ಮರದಲ್ಲಿ.

ಬ್ಯಾಂಕಿನ ಎದುರಿನ ಪಾರ್ಕಿನ ದೊಡ್ಡ ಮರದ ಒಣಕೊಂಬೆ ಕಡಿಯುತ್ತಿದ್ದರು. ಕೆಳಗಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಕಿವಿ ಮಂದ. ಎಷ್ಟು ಕೂಗಿದರೂ ಕೇಳಿಸಲಿಲ್ಲ. ಅಷ್ಟೆತ್ತರದಿಂದ ಇಳಿದು ಬಂದು, ಅಜ್ಜಿಯ ಚೀಲ ತಾವೇ ಹಿಡಿದು, ಇನ್ನೊಂದು ಬೆಂಚಿನ ನೆರಳಿಗೆ ಕೂರಿಸಿದರು. ನನ್ನ ಕಣ್ಣು ಹಿಡಿದದ್ದು ಆಮೇಲಿನದು. ಇಳಿದದ್ದು ಕ್ಷಣಹೊತ್ತಾದರೂ, ಮತ್ತೆ ಹತ್ತುವ ಮುಂಚೆ ಜೊತೆಯವನ ಮುಂದೆ ಕೈ ಅಗಲಿಸಿ ನಿಂತು, ಬೆಲ್ಟಿನ ಒಂದೊಂದು ಬಕಲ್ಲನ್ನೂ ಮತ್ತೆ ಮುಟ್ಟಿ ನೋಡಿಸಿಕೊಂಡರು. ಬಿಚ್ಚೇ ಇರದ ಬಕಲ್ಲುಗಳು.

ಕೆಲಸ ಮುಗಿಯುವವರೆಗೆ ಕಾದೆ. ನನ್ನನ್ನು ಕಂಡು ಅವರ ಮುಖ ಇಳಿಯಿತು.

“ನೋಡಿ ಮೇಡಂ, ಕಾರಿನ ಮೇಲೆ ಎಲೆ ಬಿದ್ದಿದ್ರೆ ಒರೆಸಿಕೊಡ್ತೀನಿ. ಕಂಪ್ಲೇಂಟ್ ಮಾತ್ರ ಕೊಡಬೇಡಿ.”

“ನನಗೆ ಕಾರೇ ಇಲ್ಲ.”

“ಹಾಗಾದ್ರೆ ತಲೆ ಮೇಲೆ ಬಿತ್ತಾ?”

“ಇಲ್ಲಪ್ಪ. ನಿಮಗೊಂದು ಟೀ ಕೊಡಿಸೋಣ ಅಂತ.”

ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ. ನಾನು ನನ್ನ ಕೆಲಸ ಏನೆಂದು ಹೇಳಿದೆ, ಖಾಲಿ ಇಲ್ಲ ಎಂದೂ ಹೇಳಿದೆ.

“ಅಂದ್ರೆ ಕೆಲಸ ಇಲ್ಲ, ಟೀ ಇದೆ.”

“ಹೌದು.”

“ಇಷ್ಟು ವರ್ಷ ಕೆಲಸ ಇರ್ತಿತ್ತು, ಟೀ ಕೊಡೋರು ಇರ್ತಿರಲಿಲ್ಲ. ನಡೀರಿ.” ತಲೆಗೂದಲಲ್ಲಿ ಒಂದು ಹಸಿರೆಲೆ ಸಿಕ್ಕಿಕೊಂಡಿತ್ತು. ನಾನು ಹೇಳಲಿಲ್ಲ. ಹೇಳಿದರೆ ತೆಗೆದುಬಿಡುತ್ತಾರೆ ಎನ್ನಿಸಿತು.

ಟೀ ಅಂಗಡಿಯಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. “ಮೇಲಿದ್ದಾಗ ಭಯ ಆದ್ರೆ ಏನ್ಮಾಡ್ತೀರಿ?” ಬಹಳ ಜನ ಎದೆಯುಬ್ಬಿಸಿ, ನನಗೆ ಭಯವೇ ಆಗುವುದಿಲ್ಲ ಎನ್ನುತ್ತಾರೆ. ಅಂಥವರನ್ನು ನಾನು ಎರಡನೇ ಸಲ ಕರೆಯುವುದಿಲ್ಲ.

ಅವರು ಕಪ್ಪಿನ ಅಂಚನ್ನು ನೋಡುತ್ತ ಹೇಳಿದರು. “ಹೇಳಿಬಿಡ್ತೀನಿ. ಭಯ ಆಗ್ತಿದೆ ಕಣೋ ಅಂತ, ಕೆಳಗಿರೋನಿಗೆ ಕೇಳೋ ಹಾಗೆ. ಅರ್ಧ ಭಯ ಅವನು ಇಟ್ಕೋತಾನೆ.”

ನಾನು ಎರಡನೇ ಸಲ ಕರೆದೆ, ತಂಡದ ಜೊತೆ ಕೂರಿಸಿದೆ. ಮೂರನೇ ಸಲ ಕರೆಯುವ ಅಗತ್ಯ ಬೀಳಲಿಲ್ಲ. ಶನಿವಾರದ ಮಧ್ಯಾಹ್ನ ಅದೇ ಅಂಗಡಿಯ ಅದೇ ಮೇಜಿಗೆ ಇಬ್ಬರೂ ಬಂದುಬಿಡುತ್ತಿದ್ದೆವು.

ಬಿಸಿಲು ಬೀಳುವ ಕುರ್ಚಿಯನ್ನು ಅವರು ಸದ್ದಿಲ್ಲದೆ ತಾವು ಹಿಡಿಯುತ್ತಿದ್ದರು. ಕಪ್ಪು ಮುಂದಿಡುವಾಗ ಹಿಡಿಕೆಯನ್ನು ನನ್ನ ಕಡೆಗೆ ತಿರುಗಿಸಿ ಇಡುತ್ತಿದ್ದರು. ನಾನು ಎಡಗೈಯವಳು ಎಂದು ಗಮನಿಸಿದ ಮೇಲೆ ಎಡಕ್ಕೆ ತಿರುಗಿಸತೊಡಗಿದರು. ನನ್ನ ಜೊತೆ ಒಂದೇ ಆಫೀಸಿನಲ್ಲಿ ವರ್ಷಗಟ್ಟಲೆ ಇದ್ದವರೂ ಅದನ್ನು ಗಮನಿಸಿರಲಿಲ್ಲ.

“ನೀವು ಎಲ್ಲಿ ಕೂತ್ರೂ ಮೊದಲು ಮೇಲೆ ನೋಡ್ತೀರಿ” ಎಂದರು ಒಂದು ದಿನ.

“ಅಭ್ಯಾಸ. ಮೇಲಿಂದ ಏನಾದ್ರೂ ಬೀಳುತ್ತೇನೋ ಅಂತ.”

ಅವರು ತಲೆಯೆತ್ತಿ ಮಾಡಿನಿಂದ ಇಳಿಬಿದ್ದ ಹಳೆಯ ಫ್ಯಾನನ್ನು ನೋಡಿದರು. “ಇವತ್ತು ಈ ಫ್ಯಾನು ನಾನು ನೋಡ್ಕೋತೀನಿ. ನೀವು ಟೀ ಕುಡೀರಿ.”

ಮತ್ತು ನಿಜವಾಗಿಯೂ ನೋಡಿಕೊಂಡರು. ಮಾತಿನ ನಡುನಡುವೆ ಕಣ್ಣು ಮೇಲಕ್ಕೆ ಹೋಗಿ ಬರುತ್ತಿತ್ತು, ತೊಟ್ಟಿಲ ಮಗುವನ್ನು ನೋಡಿದ ಹಾಗೆ. ನಾನು ನಕ್ಕೆ. ನಗು ನಿಂತ ಮೇಲೆ ಹೆದರಿದೆ. ಇಷ್ಟು ಹಗುರವಾಗಿ ನಾನು ಯಾರ ಎದುರೂ ಕೂತದ್ದಿರಲಿಲ್ಲ.

ಹೆದರಿಕೆಗೆ ಕಾರಣವೂ ಇತ್ತು. ಅವರನ್ನು ಕರೆದದ್ದು ನಾನು. ಈಗ ಖಾಲಿ ಇಲ್ಲ ಎಂದಿದ್ದರೂ, ಕರೆದದ್ದು ಮುಂದಿನ ಕೆಲಸದ ಆಸೆ ತೋರಿಸಿದಂತೆಯೇ. ಪಾರ್ಕಿನವರ ಗುತ್ತಿಗೆ ಮುಗಿಯುತ್ತ ಬಂದಿದೆ, ಮುಂದೆ ಏನೋ ಗೊತ್ತಿಲ್ಲ ಎಂದು ಅವರೇ ಹೇಳಿದ್ದರು. ಹಾಗಿದ್ದ ಮೇಲೆ, ಶನಿವಾರ ತಪ್ಪದೆ ಬರುವವರು ನನ್ನನ್ನು ನೋಡಲು ಬರುತ್ತಾರೋ, ಮುಂದೆಂದೋ ಖಾಲಿಯಾಗುವ ಜಾಗವನ್ನು ನೋಡಲು ಬರುತ್ತಾರೋ? ಕೇಳುವ ಹಾಗಿಲ್ಲ. ಕೇಳಿದರೆ ಅವರಿಗೆ ಅವಮಾನ, ಉತ್ತರ ಬಂದರೆ ನನಗೆ ಗತಿಯಿಲ್ಲ.

ಒಂದು ಶನಿವಾರ ಹೊಸ ನೀಲಿ ಬಟ್ಟೆ ಉಟ್ಟು ಹೋಗಿದ್ದೆ. ಕೂತಷ್ಟು ಹೊತ್ತೂ ಅವರು ಅದನ್ನು ಕಾಣದವರಂತೆ ಇದ್ದರು. ಏಳುವಾಗ, ಖಾಲಿ ಕಪ್ಪಿಗೆ ಹೇಳುವಂತೆ, “ಆ ಬಣ್ಣ ಚೆನ್ನಾಗಿದೆ” ಎಂದರು. ಕಿವಿ ಕೆಂಪಾಗಿತ್ತು. ನನ್ನ ಮನಸ್ಸು ಅರಳಿತು. ಬಾಗಿಲ ಹತ್ತಿರ ಬಂದಾಗ ಕೇಳಿದರು: “ನಿಮ್ಮ ದೊಡ್ಡಣ್ಣನ ಭುಜ ಈಗ ಹೇಗಿದೆ?”

ದೊಡ್ಡಣ್ಣನಿಗೆ ಭುಜನೋವು ಎಂದು ಹಿಂದಿನ ವಾರ ನಾನೇ ಹೇಳಿದ್ದೆ. ಅರಳಿದ ಮನಸ್ಸು ಅಲ್ಲೇ ಮುದುಡಿತು. ಭುಜದ ಚಿಂತೆಯೋ, ಜಾಗದ ಚಿಂತೆಯೋ? ದಾರಿಯುದ್ದಕ್ಕೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ.

ದೊಡ್ಡಣ್ಣನ ಭುಜ ಕೈಕೊಟ್ಟೇಬಿಟ್ಟಿತು. ಒಂದು ಬೆಳಿಗ್ಗೆ ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ಇನ್ನು ಇಳಿಯೋದು ನನ್ನಿಂದಾಗಲ್ಲ ತಂಗಿ. ನಾನಿಲ್ಲ ಅಂತ ಕೆಲಸ ನಿಲ್ಲಬಾರದು, ಮರದವರನ್ನ ಕರೀರಿ” ಎಂದರು. ಆಸ್ಪತ್ರೆಯೊಂದರ ಎತ್ತರದ ಕಟ್ಟಡವನ್ನು ಒಪ್ಪಿಕೊಂಡಾಗಿತ್ತು. ಒಬ್ಬರು ಬೇಕೇ ಬೇಕಿತ್ತು.

ನಾನು ಆ ಹೆಲ್ಮೆಟ್ಟನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದೆ.

“ಯಾಕೆ ಮುಖ ಸಣ್ಣ ಮಾಡ್ತೀರಿ? ಬೇರೆಯವರಿಗೆಲ್ಲ ಒಂದೇ ಟೀ. ಮರದವರಿಗೆ ಟೀ ತೋಟಾನೇ ಬರೆದುಕೊಟ್ಟ ಹಾಗಿದೆ. ಈಗ ಕರೆಯೋಕೆ ಏನು ಕಷ್ಟ?”

ಗುಬ್ಬಿ ಮುಸಿಮುಸಿ ನಕ್ಕಳು. ಅವರು ಬಂದರೆ ನಾಳೆಯಿಂದ ಆ ಹಗ್ಗದ ತುದಿಯಲ್ಲಿ ತೂಗುವವರು ಅವರು. ಕರೆಯದಿದ್ದರೆ, ಇಷ್ಟು ತಿಂಗಳು ಅವರನ್ನು ಕೂರಿಸಿ ನಂಬಿಸಿದ್ದು ಸುಳ್ಳಾಗುತ್ತದೆ.

ಕರೆದೆ.

ನಮ್ಮಲ್ಲಿ ಯಾರನ್ನೇ ತೆಗೆದುಕೊಳ್ಳುವ ಮೊದಲು ಒಂದು ದಿನ ತಂಡದ ಜೊತೆ ಇಳಿಸಿ ನೋಡುವುದು ಪದ್ಧತಿ. ಇಳಿಯುವ ಮುಂಚೆ ಒಬ್ಬರ ಬೆಲ್ಟನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು. ಹೊಸಬರನ್ನು ನೋಡುವುದು ಮ್ಯಾನೇಜರ್.

ಆಗ ಮುಗಿಸುತ್ತಿದ್ದ ಇನ್ನೊಂದು ಕಟ್ಟಡದ ತಾರಸಿಯಲ್ಲಿ ಅವರು ನನ್ನ ಮುಂದೆ ಕೈ ಅಗಲಿಸಿ ನಿಂತರು. ಭುಜದ ಪಟ್ಟಿ ಎಳೆದು ನೋಡಿದೆ. ಸೊಂಟದ ಬಕಲ್ ನೋಡಿದೆ. ಎದೆಯ ಬಕಲ್ಲಿಗೆ ಬೆರಳಿಟ್ಟಾಗ ಅದರ ಹಿಂದೆ ಎದೆ ಬಡಿಯುವುದು ಬೆರಳಿಗೆ ತಾಕಿತು. ಮುಖ ಎತ್ತಲಿಲ್ಲ.

“ನಿಮ್ಮ ಕೈ ತಣ್ಣಗಿದೆ” ಎಂದರು ಮೆಲ್ಲಗೆ.

“ಗಾಳಿ.”

“ಗಾಳಿ ಎಲ್ಲಿದೆ?”

“ಮಾತಾಡಬೇಡಿ, ನೋಡ್ತಿದ್ದೀನಿ” ಎಂದೆ. ನೋಡಿದ ಬಕಲ್ಲನ್ನೇ ಮತ್ತೆ ನೋಡಿದೆ. “ಸರಿ ಇದೆ.”

ತಾರಸಿಯ ಗೋಡೆ ದಾಟಿದರು. ಮೊದಲು ಕಾಲು, ಆಮೇಲೆ ಎದೆ, ಕೊನೆಗೆ ಕಣ್ಣು ಮರೆಯಾಯಿತು. ಹಗ್ಗ ಬಿಗಿದು ನಿಂತಿತು. ಆ ಹಗ್ಗದ ಒಂದೊಂದು ಎಳೆಯನ್ನೂ ನಾನು ಕಣ್ಣಿನಿಂದ ಹಿಡಿದುಕೊಂಡಿದ್ದೆ. ಸ್ವಲ್ಪ ಅಲುಗಿದರೆ ನನ್ನ ಉಸಿರು ನಿಲ್ಲುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು.

“ಗುಬ್ಬೀ, ಅಲ್ಲೇ ನಿಲ್ಲು, ಅಲುಗಬೇಡ.”

ದೊಡ್ಡಣ್ಣನ ದನಿ. ಇಳಿಯಲಾಗದಿದ್ದರೂ ಅಭ್ಯಾಸಬಲದಿಂದ ತಾರಸಿಗೆ ಬಂದಿದ್ದರು. ಹೊಟ್ಟೆಯ ಮೇಲೆ ಮಲಗಿ, ನೋವಿಲ್ಲದ ಕೈಯನ್ನು ಗೋಡೆಯ ಅಂಚಿಗೆ ಚಾಚಿದ್ದರು. ಹಗ್ಗ ಅಂಚಿಗೆ ಉಜ್ಜದಿರಲೆಂದು ಹಾಸುವ ರಬ್ಬರ್ ಹಾಸು ಜಾರಿ ಪಕ್ಕಕ್ಕೆ ಹೋಗಿತ್ತು. ಗುಬ್ಬಿಯ ಹಗ್ಗ ಬರಿಯ ಸಿಮೆಂಟಿನ ಮೇಲೆ ಉಜ್ಜುತ್ತಿತ್ತು. ಹೊರಗಿನ ಹೆಣಿಗೆ ಬಿಚ್ಚಿ, ಒಳಗಿನ ಬಿಳಿ ಎಳೆ ಕಾಣುತ್ತಿತ್ತು.

ಅದು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಅದನ್ನು ನೋಡುವುದೊಂದೇ ನನ್ನ ಕೆಲಸವಾಗಿತ್ತು.

ಎಲ್ಲರೂ ಸೇರಿ ಗುಬ್ಬಿಯನ್ನು, ಕಾಪಿಗೆಂದು ಕಟ್ಟುವ ಎರಡನೇ ಹಗ್ಗದಲ್ಲಿ ಮೇಲೆಳೆದುಕೊಂಡರು. ಅವಳು ನನ್ನ ಮುಖ ನೋಡಿ, ನನ್ನ ಕೈಗೆ ತನ್ನ ನೀರಿನ ಬಾಟಲಿ ಕೊಟ್ಟಳು. “ಏನೂ ಆಗಿಲ್ಲಕ್ಕ. ಇನ್ನೊಂದು ಹಗ್ಗ ಇತ್ತಲ್ಲ. ಕೂತ್ಕೊಳ್ಳಿ ಮೊದಲು.” ಸಾಯಬಹುದಾಗಿದ್ದವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಆ ಸಂಜೆ ಅಪ್ಪನ ಮುಂದೆ ಕೂತೆ. ಅಪ್ಪ ಕುಂಟುಗಾಲನ್ನು ಸ್ಟೂಲಿನ ಮೇಲೆ ಚಾಚಿ ಬಟಾಣಿ ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ, ಶನಿವಾರಗಳನ್ನೂ.

“ಈ ಕೆಲಸ ಬಿಟ್ಟುಬಿಡ್ತೀನಪ್ಪ. ಹೆದರುಪುಕ್ಕಲಿ ನಾನು.”

“ಹೆದರಿಕೆ ಇರೋರೇ ಮೇಲೆ ನಿಲ್ಲಬೇಕು ಮಗಳೇ.” ಒಂದು ಸಿಪ್ಪೆ ಸುಲಿದು ಕಾಳನ್ನು ನನ್ನ ಅಂಗೈಗೆ ಹಾಕಿದರು. “ಆದ್ರೆ ಎಲ್ಲರಿಗೋಸ್ಕರ ಹೆದರಬೇಕು. ಒಬ್ಬರಿಗೋಸ್ಕರ ಮಾತ್ರ ಹೆದರಿದ್ರೆ ಅದು ಕಾವಲಲ್ಲ, ಪ್ರೀತಿ. ಅದಕ್ಕೆ ಬೇರೆ ಜಾಗ ಇದೆ.”

ಮಾರನೆಯ ದಿನ ಟೀ ಅಂಗಡಿಗೆ ಅವರನ್ನು ಕರೆದೆ. ಹಿಡಿಕೆ ಎಡಕ್ಕೆ ತಿರುಗಿದ ಕಪ್ಪು ನನ್ನ ಮುಂದೆ ಬಂತು. ಅದನ್ನು ಮುಟ್ಟುವ ಮೊದಲೇ ಹೇಳಿಬಿಟ್ಟೆ.

“ಈ ಕೆಲಸ ನಿಮಗೆ ಕೊಡೋಕಾಗಲ್ಲ.”

“ನನ್ನಿಂದ ತಪ್ಪಾಯ್ತಾ?”

“ಇಲ್ಲ. ನಿಮ್ಮಷ್ಟು ನೆಮ್ಮದಿಯಾಗಿ ಇಳಿಯೋರನ್ನ ನಾನು ನೋಡಿಲ್ಲ.”

“ಮತ್ತೆ?”

“ಗುಬ್ಬಿಯ ಹಗ್ಗ ಹರೀತಿತ್ತು. ನಾನು ನಿಮ್ಮ ಹಗ್ಗ ನೋಡ್ತಿದ್ದೆ.” ಕಪ್ಪನ್ನು ಪಕ್ಕಕ್ಕೆ ಸರಿಸಿದೆ. “ನಾಳೆಯೂ ನಿಮ್ಮದೇ ನೋಡ್ತೀನಿ. ನಾಡಿದ್ದೂ ಅದೇ. ಕಣ್ಣನ್ನ ಅದರಿಂದ ಬಿಡಿಸೋಕೆ ನನ್ನಿಂದಾಗ್ತಿಲ್ಲ.”

ಅವರಿಗೆ ಅರ್ಥವಾಯಿತು. ಕಣ್ಣಿನಲ್ಲಿ ಏನೋ ಬೆಳಗಿ, ಕೂಡಲೇ ಆರಿತು. ತಮ್ಮ ಕಪ್ಪನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಹೇಳಿದರು.

“ಪಾರ್ಕಿನ ಕೆಲಸ ಮುಗೀತು ಮೇಡಂ. ಮೊನ್ನೆ ಅವರ ಬೆಲ್ಟು ವಾಪಸ್ ಕೊಟ್ಟುಬಂದೆ.”

“ನೀವು ಹೇಳಲೇ ಇಲ್ಲ.”

“ಹೇಳಿದ್ರೆ ನಿಮ್ಮನ್ನ ಕಟ್ಟಿಹಾಕಿದ ಹಾಗಾಗ್ತಿತ್ತು.”

ಎದ್ದು ಹೋಗಿಬಿಡಬಹುದಿತ್ತು. ಆದರೆ ಆರಿಹೋದ ಟೀಯನ್ನು ಕೊನೆಯ ಗುಟುಕಿನವರೆಗೆ ಕುಡಿದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ ಹೋದರು. ಅರ್ಧಕ್ಕೆ ಬಿಟ್ಟಿದ್ದರೆ ನನಗೆ ನೋವಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು.

ತಂಡದವರಿಗೂ ನಿಜವನ್ನೇ ಹೇಳಿದೆ. ಗುಬ್ಬಿ ಹಣೆ ಚಚ್ಚಿಕೊಂಡಳು. “ಅಯ್ಯೋ ಅಕ್ಕ, ಇದನ್ನ ಹೇಳೋಕೆ ನನ್ನ ಹಗ್ಗ ಹರೀಬೇಕಿತ್ತಾ?” ದೊಡ್ಡಣ್ಣ ನಗಲಿಲ್ಲ. “ಇನ್ಮೇಲೆ ತಾರಸಿ ಮೇಲೆ ಇಬ್ಬರ ಕಣ್ಣಿರಲಿ. ನನ್ನ ಭುಜ ಹೋಗಿದೆ, ಕಣ್ಣು ಹೋಗಿಲ್ಲ” ಎಂದರು. ಅಂದಿನಿಂದ ಅವರೂ ನನ್ನ ಪಕ್ಕ ನಿಂತರು.

ಜಾಗ ಖಾಲಿಯೇ ಇತ್ತು. ಆದರೆ ನಾನು ತೋಡಿದ್ದು ಒಂದೇ ಬಾವಿಯಲ್ಲವಲ್ಲ. ಬಹಳ ಹಿಂದೆ ಟೀಗೆ ಬಂದಿದ್ದ ಒಬ್ಬ ಹೆಂಗಸು ನೆನಪಾದರು, ಕಾರ್ಖಾನೆಯ ಚಿಮಣಿಗಳಿಗೆ ಬಣ್ಣ ಹೊಡೆಯುವವರು. ಮೇಲಿರುವಾಗ ಏನೂ ಆಗುವುದಿಲ್ಲ, ಕೆಳಗಿಳಿದ ಮೇಲೆ ಕಾಲು ನಡುಗುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಕೂತು ಮನೆಗೆ ಹೋಗುತ್ತೇನೆ ಎಂದಿದ್ದರು. ಸಕ್ಕರೆ ಡಬ್ಬಿಯನ್ನು ಮೊದಲು ಗುಬ್ಬಿಗೆ ದಾಟಿಸಿದ್ದರು. ಅವರು ಬಂದರು, ಒಂದು ದಿನ ಇಳಿದರು, ತಂಡ ಒಪ್ಪಿತು. ಅಪರಿಚಿತರನ್ನು ಹುಡುಕುತ್ತ ಬೀದಿಗೆ ಓಡುವ ಪಾಡು ನಮಗೆ ಬರಲಿಲ್ಲ.

ಶನಿವಾರ ಟೀ ಅಂಗಡಿಗೆ ಹೋದೆ. ಬಿಸಿಲಿನ ಕುರ್ಚಿ ಖಾಲಿ ಇತ್ತು. ಬಾಗಿಲಿಗೆ ಯಾರು ಬಂದರೂ ಬೆನ್ನು ನೆಟ್ಟಗಾಗುತ್ತಿತ್ತು. ಅವರು ಬರಲಿಲ್ಲ. ಒಬ್ಬ ಮನುಷ್ಯನ ಅನ್ನವನ್ನೂ ಕಿತ್ತುಕೊಂಡು, ನನ್ನ ಮನಸ್ಸನ್ನೂ ಅವರ ಮೇಲೆ ಹೇರಿ ಕಳಿಸಿದ್ದೆ. ಇನ್ನು ಯಾಕಾದರೂ ಅವರು ಬಂದಾರು? ಊರು ಬಿಟ್ಟು ಹೋಗಿದ್ದರೆ ನನಗೆ ತಿಳಿಯುವ ದಾರಿಯಾದರೂ ಯಾವುದು? ಫ್ಯಾನು ತಿರುಗುತ್ತಲೇ ಇತ್ತು.

ಆಸ್ಪತ್ರೆ ಕಟ್ಟಡದ ಮೊದಲ ದಿನ. ನಾಲ್ಕು ಹಗ್ಗಗಳು ಕೆಳಗಿಳಿದಿದ್ದವು. ಹಗ್ಗದ ಮೇಲೆ ಜನ ಇರುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ. ಹೊತ್ತು ಮಧ್ಯಾಹ್ನ ಮೀರಿತ್ತು. ನನ್ನ ಹಿಂದೆ ತಾರಸಿಯ ಬಾಗಿಲು ಕಿರುಗುಟ್ಟಿತು. ಯಾರೋ ಬಂದು ದೂರದಲ್ಲಿ ನಿಂತರು.

ದೊಡ್ಡಣ್ಣ ಒಮ್ಮೆ ತಿರುಗಿ ನೋಡಿ, ನನ್ನ ಕಿವಿಯ ಹತ್ತಿರ ಹೇಳಿದರು. “ಬಂದಿರೋದು ಯಾರು ಅಂತ ನೋಡಬೇಡಿ ತಂಗಿ. ಹಗ್ಗ ನೋಡಿ.”

ಹಾಗೆಂದ ಮೇಲೆ ತಿಳಿಯದೆ ಇರುತ್ತದೆಯೇ? ಹೋಗಿಬರುತ್ತೇನೆ ಎಂದು ಹೇಳಲು ಬಂದಿರಬಹುದು. ಬೈಯಲು ಬಂದಿರಬಹುದು, ಅದಕ್ಕೂ ಅವರಿಗೆ ಹಕ್ಕಿದೆ. ಬೆನ್ನ ಹಿಂದೆ ಒಂದು ಮಾತಿಲ್ಲ, ಒಂದು ಹೆಜ್ಜೆಯ ಸದ್ದಿಲ್ಲ. ನಾನು ಒಂದು ಹಗ್ಗದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಣ್ಣು ಸರಿಸುತ್ತ ಹೋದೆ. ಹಾಸು ನೋಡಿದೆ, ಗಂಟು ನೋಡಿದೆ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಹಗ್ಗದ ಮೇಲಿಲ್ಲ, ನೆಲದ ಮೇಲೆ ನಿಂತಿದ್ದಾರೆ ಎಂಬುದೊಂದು ಧೈರ್ಯ.

ಒಬ್ಬೊಬ್ಬರಾಗಿ ಮೇಲೆ ಬಂದರು. ಕೊನೆಗೆ ಚಿಮಣಿಯವರು ಗೋಡೆ ದಾಟಿ, ಬೆಲ್ಟು ಸಡಿಲಿಸಿ, ನೆಲಕ್ಕೆ ಕೂತು ಕಾಲು ನೀವಿಕೊಂಡರು. ಆಗ ತಿರುಗಿದೆ.

ನೀರಿನ ಟ್ಯಾಂಕಿನ ಪಕ್ಕ ಕೈಯಲ್ಲೊಂದು ಬಟ್ಟೆಚೀಲ ಹಿಡಿದು ನಿಂತಿದ್ದರು. ಅಂಗಿಯ ಮೇಲೆ ಮರದ ಹೊಟ್ಟು.

“ಶನಿವಾರ ಬರಲಿಲ್ಲ ನೀವು.” ಬೇರೆ ಮಾತು ಹೊರಡಲಿಲ್ಲ ನನಗೆ.

“ಬಾಗಿಲ ತನಕ ಬಂದಿದ್ದೆ. ಒಳಗೆ ಬಂದ್ರೆ ಕೆಲಸ ಕೇಳೋಕೆ ಬಂದ ಹಾಗಿರುತ್ತೆ ಅನ್ನಿಸ್ತು. ಮೊದಲು ಬೇರೆ ಕೆಲಸ ಹುಡುಕ್ಕೊಂಡೆ.”

“ಸಿಕ್ತಾ?”

“ಹಳೇ ಬಾಗಿಲು ಕಿಟಕಿ ರಿಪೇರಿ. ನೆಲದ ಮೇಲೆ ನಿಂತು ಮಾಡೋದು. ಸ್ಟೂಲು ಕೂಡ ಹತ್ತೋ ಹಾಗಿಲ್ಲ.” ಸ್ವಲ್ಪ ತಡೆದು, “ನೀವು ನೆಮ್ಮದಿಯಾಗಿ ಬೇರೆಯವರ ಹಗ್ಗ ನೋಡಬಹುದು” ಎಂದರು.

ಹಿಂದೆ ಗುಬ್ಬಿ ಏನೋ ಹೇಳಹೋದಳು. ದೊಡ್ಡಣ್ಣ ಅವಳ ಕೈಗೆ ಹಗ್ಗದ ಸುರುಳಿ ತುರುಕಿ ಆಚೆ ಕರೆದೊಯ್ದರು.

“ಮೊದಲನೇ ಸಲ ಟೀಗೆ ಬಂದದ್ದು ಕೆಲಸದ ಆಸೆಗೇ. ಸುಳ್ಳು ಹೇಳಲ್ಲ” ಎಂದರು ಅವರು. “ಆಮೇಲಿನ ಯಾವ ಶನಿವಾರಾನೂ ಅಲ್ಲ. ಆದ್ರೆ ನೀವು ಕರೆಯೋದು ತಂಡಕ್ಕೋಸ್ಕರಾನೇ ಇರಬೇಕು ಅಂತ ಸುಮ್ಮನಿದ್ದೆ. ಬಾಯಿಬಿಟ್ರೆ ಆ ಟೀನೂ ಹೋಗುತ್ತಲ್ಲ ಅನ್ನೋ ಹೆದರಿಕೆ.”

“ನನಗೂ ಅದೇ ಹೆದರಿಕೆ ಇತ್ತು” ಎಂದೆ. ಕಣ್ಣು ತುಂಬಿ ಅವರ ಮುಖ ಕಲೆಸಿಹೋಯಿತು. “ಈಗಲೂ ಇದೆ.”

“ಇರಲಿ ಬಿಡಿ.”

ಚಿಮಣಿಯವರ ಹಾಗೆ ನಾನೂ ಬಿಸಿಲು ತಾಗದ ಕಡೆ ಗೋಡೆಗೊರಗಿ ಕೂತೆ. ಅವರೂ ಸ್ವಲ್ಪ ದೂರದಲ್ಲಿ ಕೂತರು. ಚೀಲದೊಳಗಿಂದ ಟವೆಲ್ ಸುತ್ತಿದ ಡಬ್ಬಿಯನ್ನು ತೆಗೆದು, ಬಿಗಿದಿದ್ದ ಮುಚ್ಚಳವನ್ನು ಮೊದಲು ತಾವೇ ಸಡಿಲಿಸಿ, ನನ್ನ ಕೈಗಿಟ್ಟರು. ಊಟ ಇನ್ನೂ ಬೆಚ್ಚಗಿತ್ತು.